ಅಹಲ್ಯಾಬಾಯಿಯ ವಾಚು, ಬೂದೆಮ್ಮನ ಫೋನು

ಗಬ್ಬೂರಿನ ಬೂದೆಮ್ಮ ಮನುಷ್ಯರ ಮೇಲೆ ಹೊಟ್ಟೆಕಿಚ್ಚು ಪಟ್ಟದ್ದು ಕಡಿಮೆ. ಪಡುವಂಥವರು ಯಾರೂ ಸಿಕ್ಕಿರಲಿಲ್ಲ ಎನ್ನಬೇಕು. ನಲವತ್ತೈದು ದಾಟಿದ ಮೇಲೆ ಆ ಸುಖವೂ ಒದಗಿತು. ಒದಗಿಸಿದ್ದು ಒಂದು ವಾಚು.

ರಾಯಚೂರಿನ ವೃದ್ಧಾಶ್ರಮವೊಂದರಲ್ಲಿ ಅಹಲ್ಯಾಬಾಯಿಯವರನ್ನು ನೋಡಿಕೊಳ್ಳುವುದು ಬೂದೆಮ್ಮನ ಕೆಲಸ. ಅಹಲ್ಯಾಬಾಯಿ ಮಾನ್ವಿಯಲ್ಲಿ ಮೇಷ್ಟ್ರಾಗಿರುವ ಮಗ ಸುಮಂತನ ಮನೆಯಿಂದ, “ಸೊಸಿ ಅಡಿಗಿಮನಿ ಒಂದು ದಿಕ್ಕು, ನನ್ನ ಮಡಿ ಒಂದು ದಿಕ್ಕು” ಎಂದು ತಾವೇ ಪೆಟ್ಟಿಗೆ ಕಟ್ಟಿಕೊಂಡು ಬಂದವರು. ಮಗ ಫೋನ್ ಮಾಡಿದರೆ “ಅರಾಮದೀನಿ” ಎಂಬ ಒಂದೇ ಮಾತು ಹೇಳಿ ಇಟ್ಟುಬಿಡುವರು. ಹಾಗಾಗಿ ಸುಮಂತ ದಿನಾ ಸಂಜೆ ಬೂದೆಮ್ಮನಿಗೇ ಫೋನ್ ಹಚ್ಚುತ್ತಿದ್ದ.

ಆ ಫೋನು ಬಂದರೆ ಬೂದೆಮ್ಮ ಪಡಸಾಲೆಯ ನಟ್ಟನಡುವೆ ಬಂದು ನಿಲ್ಲುವಳು. “ಹೇಳ್ರಿ ಸರ್! ಉಂಡಾರ್ರಿ. ಅಡಿಗಿಯವನ್ನ ಬೈದಾರ್ರಿ. ಸಾರು ನೀರಾಗಿತ್ತಂತ. ಹೂಂನ್ರಿ, ದನಿ ಗಟ್ಟಿ ಅದ.” ಆಶ್ರಮದ ಅಷ್ಟೂ ಮಂಚಗಳಿಗೆ ಕೇಳಿಸಬೇಕು, ಹಾಗೆ.

ಒಂದು ದಿನ ಮ್ಯಾನೇಜರ್ ವಿದ್ಯಾಧೀಶ ಅವರು ಹಿರಿಯರ ಕೈಗೆ ಒಂದೊಂದು ವಾಚು ಕಟ್ಟಿದರು. ಕಟ್ಟುವಾಗ ಅವರ ಮುಖದಲ್ಲಿ ಅಣೆಕಟ್ಟು ಉದ್ಘಾಟಿಸುವ ಕಳೆ ಇತ್ತು.

“ಇನ್ನ ಮುಂದ ನಾಡಿ, ಉಸಿರು, ನಿದ್ದಿ ಎಲ್ಲಾ ಮೊಬೈಲ್‌ನಾಗ ಬರ್ತದ. ಮನಿಯವರು ಕುಂತಲ್ಲೇ ನೋಡ್ತಾರ.”

“ಮತ್ತ ನಾವ್ರೀ?” ಎಂದಳು ಜೊತೆಗೆ ಕೆಲಸ ಮಾಡುವ ಹೀರಾಬಿ.

“ನೀವು ಚಾರ್ಜ್ ಹಾಕ್ರಿ.”

ಅವತ್ತಿನಿಂದ ಸುಮಂತನ ಫೋನು ನಿಂತಿತು. ಬೂದೆಮ್ಮ ತನ್ನ ಮೊಬೈಲು ಕೆಟ್ಟಿದೆಯೆಂದು ತಿಳಿದು ಹೀರಾಬಿಯಿಂದ ಒಂದು ಕರೆ ಮಾಡಿಸಿ ನೋಡಿದಳು. ಕೆಟ್ಟಿರಲಿಲ್ಲ. ಸಂಕಟ ಅದೇ.

“ಸವತಿ ಬಂದಾಳ ಬೇ ನಿಂಗ,” ಎಂದು ಹೀರಾಬಿ ಗಾಯಕ್ಕೆ ಉಪ್ಪು ಸವರಿದಳು. “ಅವ್ವಾರ ಕೈ ಹಿಡ್ಕೊಂಡೇ ಮಲಗ್ತಾಳ.”

ಅಹಲ್ಯಾಬಾಯಿಯವರೂ ಕಡಿಮೆಯಿಲ್ಲ. “ಇವತ್ತ ಎಷ್ಟು ನಡದೀನಿ ಅಂತ ಇದು ಹೇಳ್ತದ ನೋಡು. ನೀ ಎಂದರ ಹೇಳಿದ್ದಿಯೇನು?” ಎಂದು ಮುಂಗೈ ಚಾಚುವರು. ಬೂದೆಮ್ಮ ಸಂಜೆ ಅದನ್ನು ಚಾರ್ಜಿಗೆ ಹಾಕುವಾಗ ಕತ್ತು ಹಿಸುಕುವ ಹಾಗೆ ಪಿನ್ನು ಚುಚ್ಚುವಳು.

ಹೀಗೆ ಆರು ತಿಂಗಳು ಕಳೆದು ಒಂದು ದ್ವಾದಶಿ ಬಂತು. ಹಿಂದಿನ ದಿನ ಏಕಾದಶಿಯ ಉಪವಾಸ; ಬೆಳಿಗ್ಗೆ ಮಿಂದು, ಮಡಿಯುಟ್ಟು, ಪೂಜೆ ಮುಗಿಸಿ ಹೊತ್ತು ಮೀರುವ ಮೊದಲು ಪಾರಣೆಯ ಊಟ ಮಾಡಬೇಕು. ಅಲ್ಲಿಯವರೆಗೆ ಅವರನ್ನು ಯಾರೂ ಮುಟ್ಟುವ ಹಾಗಿಲ್ಲ. ನಾವು ಮಿಂದರೆ ವಾಚೂ ಮೀಯಬೇಕಲ್ಲ ಎಂದು ಅಹಲ್ಯಾಬಾಯಿಯವರಿಗೆ ಅವತ್ತು ಹೊಳೆಯಿತು. ಅದನ್ನು ಬಿಚ್ಚಿ ತಣ್ಣೀರಲ್ಲಿ ಅದ್ದಿ, ಮಡಿ ಸೀರೆ ಒಣಹಾಕುವ ಮೇಲಿನ ಗಳಕ್ಕೆ ಕೋಲಿನಿಂದ ಏರಿಸಿ, ಪೂಜೆಗೆ ಕೂತರು.

ಅದೇ ಹೊತ್ತಿಗೆ ವಿದ್ಯಾಧೀಶ ಅವರು ದೇವದುರ್ಗದ ಒಂದು ಸಭೆಯಲ್ಲಿ ದೊಡ್ಡ ಪರದೆಯ ಮುಂದೆ ನಿಂತಿದ್ದರು. “ನಾ ಇಲ್ಲಿದ್ದೀನಿ. ರಾಯಚೂರಿನಾಗ ಅಹಲ್ಯಾಬಾಯಿಯವರ ನಾಡಿ, ನೋಡ್ರಿ, ನಿಮ್ಮ ಕಣ್ಣಮುಂದ!” ಎಂದು ಕೈ ಬೀಸಿದರು. ಪರದೆಯ ಮೇಲೆ ಕೆಂಪಕ್ಷರ ಮೂಡಿತು: ನಾಡಿ ಸಿಗುತ್ತಿಲ್ಲ. ಅವರು ಗಾಬರಿಯಾಗಿ ಮೊದಲು ವಾಚಿನ ಕಂಪನಿಗೆ ಫೋನ್ ಹಚ್ಚಿದರು. ಕನ್ನಡಕ್ಕಾಗಿ ಒಂದು ಒತ್ತಿ ಎಂದಿತು ಅಲ್ಲಿಯ ದನಿ.

ಮಾನ್ವಿಯಲ್ಲಿ ಅದೇ ಕೆಂಪಕ್ಷರ ನೋಡಿದ ಸುಮಂತ ಬೂದೆಮ್ಮನಿಗೆ ಫೋನ್ ಮಾಡಿದ.

“ಎತ್ತು ಬೇ!” ಎಂದಳು ಹೀರಾಬಿ.

“ಬಾರಿಸ್ಲಿ ತಡಿ. ಕೇಳಿ ಎಷ್ಟ್ ದಿನ ಆಗಿತ್ತು.”

“ಏನರ ಅರ್ಜೆಂಟ್ ಇರಬೇಕು.”

“ಅರ್ಜೆಂಟ್ ಇದ್ರ ಮೊಬೈಲ್‌ನಾಗ ನೋಡ್ಕೊಳ್ಳಲಿ. ಎಲ್ಲಾ ಬರ್ತದಲ್ಲ ಅದರಾಗ!”

ಫೋನು ಬಾರಿಸಿ ಬಾರಿಸಿ ನಿಂತಿತು. ಮತ್ತೆ ಬಾರಿಸಿತು. ಬೂದೆಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಸಜ್ಜಾಗುವಷ್ಟರಲ್ಲಿ ಮತ್ತೆ ನಿಂತಿತು. ಆಮೇಲೆ ಬರಲೇ ಇಲ್ಲ. ಈಕೆಯೇ ತಿರುಗಿ ಹಚ್ಚಿದರೆ ಅತ್ತ ಎತ್ತುವವರಿಲ್ಲ. ಕೋಣೆಗೆ ಹೋಗಿ ನೋಡಿದಳು. ಅಹಲ್ಯಾಬಾಯಿ ಗಂಟೆ ಬಾರಿಸುತ್ತಿದ್ದಾರೆ. ಮೇಲೆ ಗಳದಲ್ಲಿ ವಾಚು ಒಣಗುತ್ತಿದೆ. ಬೂದೆಮ್ಮನ ಹೊಟ್ಟೆಯ ಕಿಚ್ಚೆಲ್ಲ ಒಮ್ಮೆಗೇ ತಣ್ಣಗಾಯಿತು.

ಸುಮಂತ ಗಾಡಿ ಓಡಿಸಿಕೊಂಡು ಬಂದವನು ಚಪ್ಪಲಿ ಸಮೇತ ಒಳಗೆ ನುಗ್ಗಿ ತಾಯಿಯನ್ನು ತಬ್ಬಿಕೊಂಡ.

“ಅಯ್ಯ, ಮುಟ್ಟಿಬಿಟ್ಯಲ್ಲೋ! ಪಾರಣಿ ಹೊತ್ತಿನ್ಯಾಗ!” ಎಂದು ಕೂಗುತ್ತ ಅಹಲ್ಯಾಬಾಯಿ ಮತ್ತೆ ಬಚ್ಚಲಿಗೆ ಹೋದರು.

ಸುಮಂತ ಬೂದೆಮ್ಮನತ್ತ ತಿರುಗಿದ. “ಯಾಕ ಎತ್ತಲಿಲ್ಲ ಬೂದೆಮ್ಮಾ? ದಾರಿ ತುಂಬ ನಾ ಏನೇನು ನೆನಸಿದೆ ಗೊತ್ತದೇನು?”

ಕೇಳಿಸಲಿಲ್ಲ ಎನ್ನಲು ಬೂದೆಮ್ಮ ಬಾಯಿ ತೆರೆದಳು. ಬಂದದ್ದು ಬೇರೆ.

“ಬೇಕಂತ ಎತ್ತಲಿಲ್ರಿ. ವಾಚು ಬಂದ ಮ್ಯಾಲ ನೀವು ನನ್ನ ಒಂದು ಮಾತೂ ಕೇಳಲಿಲ್ಲ. ತಪ್ಪಾತ್ರಿ ಸರ್.”

ಸುಮಂತನಿಗೆ ಸಿಟ್ಟು ಬಂದಿತ್ತು, ಎಲ್ಲಿ ಇಡಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಬಚ್ಚಲಿನಿಂದ ದನಿ ಬಂತು: “ನನ್ನ ನಾಡಿ ವಾಚಿನ್ನ ಕೇಳೋ, ನನ್ನ ಸುದ್ದಿ ಅಕಿನ್ನ ಕೇಳು. ಈಗ ಇಬ್ಬರೂ ದೂರ ಸರೀರಿ!”

ಸಂಜೆಯ ಫೋನು ಮತ್ತೆ ಶುರುವಾಯಿತು. ಅಪರಾಧ ಭಾವದಿಂದಲೋ ಏನೋ, ಸುಮಂತ ಈಗ ಮೊದಲಿಗಿಂತ ಹೆಚ್ಚು ಹೊತ್ತು ಮಾತಾಡುತ್ತಾನೆ. ಮೊನ್ನೆ ಬೂದೆಮ್ಮ ಫೋನಿಟ್ಟು ಒಳಗೆ ಬಂದಾಗ ಅಹಲ್ಯಾಬಾಯಿ ಬಾಗಿಲ ಹಿಂದೆಯೇ ನಿಂತಿದ್ದರು.

“ಏನಂದಾ?”

“ಏನಿಲ್ರಿ, ನಿಮ್ಮ ಸುದ್ದಿನ.”

“ನನ್ನ ಸುದ್ದಿ ನಿನ್ನ ಜೊತಿ ಇಷ್ಟೊತ್ತು! ನನ್ನ ಜೊತಿ ‘ಅರಾಮಾ?’ ಅಂದು ಇಟ್ಟುಬಿಡ್ತಾನ,” ಎಂದು ಗೋಡೆಗೆ ಮುಖ ಮಾಡಿ ಮಲಗಿದರು.

ಮರುದಿನ ಫೋನು ಬಂದಾಗ ಬೂದೆಮ್ಮ ಪಡಸಾಲೆಗೆ ಕುರ್ಚಿ ತಂದು ಹಾಕಿಕೊಂಡು ಕೂತಳು.