ಗೇಟಕ್ಕನ ದೊಡ್ಡ ಮನೆ

ಬಾಯಿ ಅಗಲಿಸಿಕೊಂಡು ಕುರ್ಚಿಯಲ್ಲಿ ಒರಗಿದವರ ಹತ್ತಿರ ಮಾತಾಡುವಷ್ಟು ಸುಖ ಇನ್ನೊಂದಿಲ್ಲ. ಅವರು ಎದುರಾಡುವ ಹಾಗಿಲ್ಲ, ಎದ್ದು ಹೋಗುವ ಹಾಗೂ ಇಲ್ಲ. ಊರಿನ ಹಲ್ಲಿನ ಡಾಕ್ಟರು ಈ ಸುಖವನ್ನು ಎಂದೂ ಬಿಟ್ಟವರಲ್ಲ. ಆ ದಿನ ಕುರ್ಚಿಯಲ್ಲಿ ಸಿಕ್ಕಿಬಿದ್ದವಳು ಶಾಲೆಯ ಯೂನಿಫಾರಂ ಹೊಲಿಯುವ ಟೈಲರಮ್ಮ. ಡಾಕ್ಟರು ಅವಳ ದವಡೆ ಹಲ್ಲು ಕೊರೆಯುತ್ತಲೇ ತಮ್ಮ ಕ್ಲಬ್ಬಿನ ಪುರಾಣ ಬಿಚ್ಚಿದರು. ಎಂದೋ ಕಂಬಿ ಕಿತ್ತುಹೋದ ಊರಿನ ಹಳೆಯ ರೈಲುದಾರಿಯನ್ನು ತಾವು ಕೆಲವರು ಸೇರಿ ಒಂದು ದೊಡ್ಡ ಮೇಜಿನ ಮೇಲೆ ಪುಟ್ಟದಾಗಿ ಮತ್ತೆ ಕಟ್ಟುತ್ತಿದ್ದೇವೆ, ಸ್ಟೇಷನ್ ಮುಗಿದಿದೆ, ಸೇತುವೆ ಮುಗಿದಿದೆ, ಆದರೆ ರಸ್ತೆ ದಾಟುವಲ್ಲಿದ್ದ ಗೇಟಿನ ಹತ್ತಿರ ಬಂದು ಎಲ್ಲರೂ ಕೈಕಟ್ಟಿ ಕೂತಿದ್ದೇವೆ ಎಂದರು. ಗೇಟಿನ ಪಕ್ಕ ಯಾವುದೋ ಮನೆ ಇತ್ತಂತೆ, ಅದು ಹೇಗಿತ್ತೆಂದು ಹೇಳುವವರೇ ಸಿಗುತ್ತಿಲ್ಲ ಎಂದರು. ಬಾಯಿತುಂಬ ಹತ್ತಿ ತುರುಕಿಸಿಕೊಂಡಿದ್ದ ಟೈಲರಮ್ಮ ಕೈಕಾಲು ಬಡಿದಳು. ನೋವಾಯಿತೇನೋ ಎಂದು ಡಾಕ್ಟರು ಇನ್ನೊಂದು ಇಂಜೆಕ್ಷನ್ ಚುಚ್ಚಿದರು. ಕೊನೆಗೆ ಹತ್ತಿ ತೆಗೆದಾಗ, ಮರಗಟ್ಟಿದ ನಾಲಿಗೆಯಲ್ಲಿ ಅವಳು ಆಡಿದ ಮೊದಲ ಮಾತು, "ಅದು ನಮ್ಮನೆ."

ಮುಂದಿನ ಭಾನುವಾರ ಅವಳು ಸೈಕಲ್ ಅಂಗಡಿಯ ಮಹಡಿ ಹತ್ತಿದಳು. ಕ್ಲಬ್ಬು ಇದ್ದದ್ದು ಅಲ್ಲಿ. ಕ್ಲಬ್ಬು ಎಂದ ಕೂಡಲೇ ಇಸ್ಪೀಟು, ಬಾಟಲಿ ಎಂದುಕೊಳ್ಳಬೇಡಿ. ಅಲ್ಲಿದ್ದದ್ದು ಅಂಟಿನ ವಾಸನೆ, ಮರದ ಪುಡಿ, ಮೇಜಿನ ಕೆಳಗೆ ಗೋಜಲುಗೋಜಲಾದ ವೈರು, ಮೇಜಿನ ಮೇಲೆ ಬಗ್ಗಿ ಬಗ್ಗಿ ಸೊಂಟ ಹಿಡಿಸಿಕೊಂಡ ಗಂಡಸರು. ಕಟ್ಟಡಗಳೆಲ್ಲ ನಿವೃತ್ತ ಡ್ರಾಯಿಂಗ್ ಮೇಷ್ಟ್ರ ಪಾಲು. ಅಳತೆಯ ವಿಷಯಕ್ಕೆ ಬಂದರೆ ಅವರು ತಮ್ಮ ನೆರಳನ್ನೂ ನಂಬುವವರಲ್ಲ. ಗುಡ್ಡಗಳು ಡಾಕ್ಟರ ಪಾಲು. ಹಲ್ಲಿನ ಅಚ್ಚು ತೆಗೆಯುವ ಪ್ಲಾಸ್ಟರಿನಲ್ಲೇ ಅವರು ಗುಡ್ಡ ಎಬ್ಬಿಸುತ್ತಿದ್ದರು. ಎಂಜಿನ್ನು, ದೀಪ, ಸಿಗ್ನಲ್ಲು ವಾಚ್ ರಿಪೇರಿಯವನ ಕೈಗೆ. ಅವನ ಬೆರಳು ಎಷ್ಟು ಸೂಕ್ಷ್ಮವೋ ಬಾಯಿ ಅಷ್ಟೇ ಒರಟು. ಟೈಲರಮ್ಮನಿಗೆ 'ಗೇಟಕ್ಕ' ಎಂದು ಹೆಸರಿಟ್ಟವನು ಅವನೇ. ಒಂದು ಚಹಾ ಮುಗಿಯುವಷ್ಟರಲ್ಲಿ ಆ ಹೆಸರು ಗಟ್ಟಿಯಾಗಿ ಅಂಟಿಕೊಂಡಿತು.

ಅವಳ ಅಪ್ಪ ಗೇಟ್‌ಕೀಪರ್ ಆಗಿದ್ದ. ಕಂಕುಳಲ್ಲಿ ಕೆಂಪು ಬಾವುಟ, ಹಸಿರು ಬಾವುಟ, ಕತ್ತಲಾದರೆ ಕೈಯಲ್ಲೊಂದು ಲಾಟೀನು. ಅವನು ಗೇಟು ಹಾಕಿದನೆಂದರೆ ಎತ್ತಿನ ಗಾಡಿಯೂ ನಿಲ್ಲಬೇಕು, ಊರಿನ ಶ್ರೀಮಂತನ ಕಾರೂ ನಿಲ್ಲಬೇಕು. ಹಾಗೆ ನಿಂತವರು ಕೆಳಗಿಳಿದು, ನೀರು ಕೇಳಿ, ಮಾತಿಗೆ ಕೂತು, ರೈಲು ಹೋಗಿ ಗೇಟು ತೆಗೆದ ಮೇಲೂ ಏಳುತ್ತಿರಲಿಲ್ಲ. ಊರಿನ ಸುದ್ದಿಯೆಲ್ಲ ಮೊದಲು ಬಂದು ಬೀಳುತ್ತಿದ್ದುದು ಆ ಮನೆಯ ಜಗಲಿಗೆ. ಬೆಳಗಿನ ರೈಲಿನ ಡ್ರೈವರು ಮಕ್ಕಳು ಕಂಡರೆ ಬೇಕೆಂದೇ ಸೀಟಿ ಹೊಡೆದು ಕೈಬೀಸುತ್ತಿದ್ದ. ಒಗೆದು ಹಾಕಿದ ಬಟ್ಟೆಯ ಮೇಲೆ ಮಸಿ ಕೂತಿತೆಂದು ಅಮ್ಮ ರೈಲಿಗೆ ಬೈಯುತ್ತಿದ್ದಳು, ರೈಲು ತಡವಾದರೆ ಅದಕ್ಕೂ ಬೈಯುತ್ತಿದ್ದಳು. ರೈಲು ಹತ್ತಿರ ಬಂದ ಹಾಗೆ ಗೂಡಿನಲ್ಲಿ ಜೋಡಿಸಿಟ್ಟ ಲೋಟಗಳು ತಮ್ಮಷ್ಟಕ್ಕೆ ತಾವೇ ಕಿಣಿಕಿಣಿ ಎನ್ನುತ್ತಿದ್ದವು. ಮದುವೆಯಾದ ಹೊಸದರಲ್ಲಿ ಆ ಸದ್ದಿಲ್ಲದೆ ಗೇಟಕ್ಕನಿಗೆ ನಿದ್ದೆಯೇ ಹತ್ತುತ್ತಿರಲಿಲ್ಲ.

ಮದುವೆಯಾಗಿ ಬಂದದ್ದು ಸಂದಿಯೊಳಗಿನ ಒಂದು ಬಾಡಿಗೆ ಮನೆಗೆ. ಕೈ ಚಾಚಿದರೆ ಗೋಡೆ, ಕಾಲು ಚಾಚಿದರೆ ನಾದಿನಿಯರು. ಗೇಟು ಕಾಯುವವನ ಮಗಳು ಎಂದು ಆ ನಾದಿನಿಯರು ಮೂಗು ಮುರಿದಾಗಲೆಲ್ಲ ಅವಳ ಬಾಯಲ್ಲಿ ಒಂದೇ ಉತ್ತರ. ನಮ್ಮಪ್ಪನ ಮನೆ ಎಷ್ಟು ದೊಡ್ಡದಿತ್ತು ಗೊತ್ತೇನು? ಹಜಾರದಲ್ಲಿ ನಾವು ಮುಟ್ಟಾಟ ಆಡುತ್ತಿದ್ದೆವು, ಈ ಮನೆಯನ್ನು ಎತ್ತಿ ಅದರೊಳಗೆ ಇಟ್ಟರೆ ಒಂದು ಮೂಲೆಗೂ ಸಾಲದು! ಇದನ್ನು ಅವಳು ಉಪ್ಪುಖಾರ ಹಚ್ಚಿ ಹೇಳುತ್ತಿದ್ದಳೆಂದು ತಿಳಿಯಬೇಡಿ. ಅವಳ ಕಣ್ಣಿಗೆ ಕಟ್ಟಿದ್ದೇ ಹಾಗೆ. ಗಂಡ ಹೋದ ಮೇಲೆ ಹೊಲಿಗೆ ಮೆಷಿನ್ನು ತುಳಿದು ಮಕ್ಕಳನ್ನು ದಡ ಸೇರಿಸಿದ್ದು ಸಹ ಆ ದೊಡ್ಡ ಮನೆಯಲ್ಲಿ ಬೆಳೆದವಳೆಂಬ ಧೈರ್ಯದ ಮೇಲೆಯೇ. ಈಗ ಆ ಮನೆ ಎಲ್ಲರ ಕಣ್ಣೆದುರು ಮತ್ತೆ ಏಳುತ್ತದೆ, ಇನ್ನೂ ಬದುಕಿರುವ ನಾದಿನಿಯರನ್ನು ಕೈಹಿಡಿದು ಕರೆತಂದು ತೋರಿಸಬಹುದು ಎಂದರೆ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಕ್ಲಬ್ಬಿನಲ್ಲಿ ಒಂದು ನಿಯಮ. ಕಟ್ಟಡ ಈಗ ಉಳಿದಿಲ್ಲವೆಂದರೆ ಅದರಲ್ಲಿ ಬಾಳಿದವರ ಮಾತೇ ಪ್ರಮಾಣ. ಆದ್ದರಿಂದ ಗೇಟಕ್ಕ ಹಜಾರ ಎಷ್ಟು ಉದ್ದವಿತ್ತೆಂದು ನಡೆದು ತೋರಿಸಿದಳು, ಮೇಷ್ಟ್ರು ಟೇಪು ಹಿಡಿದು ಹಿಂದೆ ಹಿಂದೆ ನಡೆದರು. ಕ್ಲಬ್ಬಿನ ಕೋಣೆ ಸಾಲದೆ ಅವಳು ಬಾಗಿಲು ದಾಟಿ ಮೆಟ್ಟಿಲವರೆಗೂ ಹೋದಳು. ಮೇಷ್ಟ್ರು ಹುಬ್ಬೇರಿಸಿದರೂ ನಿಯಮ ಮೀರುವವರಲ್ಲ. ಅವಳು ಹೇಳಿದ ಅಳತೆಯನ್ನೇ ಚಿಕ್ಕದಾಗಿ ಇಳಿಸಿ ರಟ್ಟಿನಲ್ಲಿ ಮನೆ ಕಟ್ಟಿದರು, ಹೆಂಚು ಹೊದಿಸಿದರು, ಸುಣ್ಣ ಬಳಿದರು. ನೋಡಿ ಗೇಟಕ್ಕನ ಕಣ್ಣು ತುಂಬಿತು. ಮನೆಯನ್ನು ಗೇಟಿನ ಪಕ್ಕ, ಗುಡ್ಡಕ್ಕೂ ಕಂಬಿಗೂ ನಡುವೆ ಹೇಗೋ ಒತ್ತಿ ಕೂರಿಸಿ ವಾಚ್ ರಿಪೇರಿಯವನು ರೈಲು ಬಿಟ್ಟ. ರೈಲು ಸೇತುವೆ ದಾಟಿತು, ತಿರುವು ಬಳಸಿತು, ನೇರವಾಗಿ ಬಂದು ಹಜಾರ ಸೀಳಿಕೊಂಡು ಗೇಟಕ್ಕನ ಅಡುಗೆಮನೆಗೆ ನುಗ್ಗಿ ಗೋಡೆಸಮೇತ ಮಗುಚಿಬಿತ್ತು.

"ಅಕ್ಕಾ, ಪ್ಯಾಸೆಂಜರಿಗೆಲ್ಲ ಕಾಫಿ ನಿಮ್ಮನೆ ಒಲೆ ಮೇಲಿಂದಾನೇ ಕೊಡ್ತಿದ್ರಾ?" ಎಂದ ವಾಚ್ ರಿಪೇರಿಯವನು.

ಎಲ್ಲರೂ ನಕ್ಕರು, ಗೇಟಕ್ಕ ನಗಲಿಲ್ಲ. ಕೋಪ ಅವಳಿಗೆ ಮೂಗಿನ ತುದಿಯಲ್ಲೇ. ಕಂಬಿ ಸರಿಸಿ ಎಂದಳು. ಕಂಬಿ ಸರಿದರೆ ಸೇತುವೆ ಸರಿಯಬೇಕು, ಸೇತುವೆ ಸರಿದರೆ ಸ್ಟೇಷನ್ನೇ ಮೇಜಿನಿಂದ ಕೆಳಗೆ ಬೀಳುತ್ತದೆ ಎಂದರು ಮೇಷ್ಟ್ರು. ಹಾಗಾದರೆ ಮನೆಯ ಹಿಂದಿನ ಗುಡ್ಡ ಕೆತ್ತಿ ಎಂದಳು. ಡಾಕ್ಟರಿಗೆ ಮೈ ಉರಿಯಿತು. ಕಂಬಿ ಕಿತ್ತಿರಬಹುದು, ಗುಡ್ಡವನ್ನು ಯಾರೂ ಕಿತ್ತಿಲ್ಲ, ಎಲ್ಲಿತ್ತೋ ಅಲ್ಲೇ ಇದೆ, ಬೇಕಾದರೆ ಹೋಗಿ ನೋಡೋಣ ಎಂದರು. ಗೇಟಕ್ಕನೂ ಪಟ್ಟು ಬಿಡುವವಳಲ್ಲ. ನಡೆಯಿರಿ ಎಂದಳು.

ಅದೇ ಊರಿನಲ್ಲಿದ್ದರೂ ಅವಳು ಆ ಕಡೆ ಕಾಲಿಟ್ಟು ಕಾಲವಾಗಿತ್ತು. ರೈಲು ನಿಂತ ಮೇಲೆ ಜನ ಬಾಗಿಲು, ಹೆಂಚು, ತೊಲೆ ಎಲ್ಲ ಹೊತ್ತುಕೊಂಡು ಹೋದರೆಂದು ಕೇಳಿದ್ದಳು. ಹೋಗಿ ನೋಡಿ ಹೊಟ್ಟೆ ಉರಿಸಿಕೊಳ್ಳುವುದೇಕೆಂದು ಸುಮ್ಮನಿದ್ದುಬಿಟ್ಟಿದ್ದಳು. ಈಗ ನೋಡಿದರೆ ಹಿಂದೆ ಗುಡ್ಡ, ಮುಂದೆ ಕಂಬಿಯಿದ್ದ ದಿಬ್ಬ, ಪಕ್ಕದಲ್ಲಿ ರಸ್ತೆ. ಈ ಮೂರರ ನಡುವೆ, ಪೊದೆಯ ಬುಡದಲ್ಲಿ, ಚೌಕವಾಗಿ ಒಂದು ಕಲ್ಲಿನ ಪಾಯ.

"ಇದು ಬಚ್ಚಲುಮನೆ. ಮನೆ ಆ ಕಡೆ ಇರಬೇಕು," ಎಂದಳು ಗೇಟಕ್ಕ.

ಆ ಕಡೆ ಏನೂ ಇರಲಿಲ್ಲ. ಸೀರೆಗೆ ಮುಳ್ಳು ಸಿಕ್ಕಿಸಿಕೊಂಡು ಪೊದೆಯೆಲ್ಲ ಜಾಲಾಡಿ ಸುಸ್ತಾಗಿ ಬಂದು ಪಾಯದ ಅಂಚಿನ ಕಲ್ಲಿನ ಮೇಲೆ ಕೂತಳು. ಕೂತವಳ ಕೈ ತಾನಾಗಿಯೇ ಕಲ್ಲಿನ ತುದಿಯಲ್ಲಿದ್ದ ತಗ್ಗಿಗೆ ಹೋಯಿತು. ಅಮ್ಮ ದಿನಾ ಕತ್ತಿ ಮಸೆದು ಸವೆಸಿದ ಹೊಸ್ತಿಲು. ಅದನ್ನು ಅವಳ ಬೆರಳು ಕಣ್ಣಿಗಿಂತ ಮೊದಲು ಗುರುತು ಹಿಡಿಯಿತು. ಇದೇ ಮನೆ. ಹಜಾರವೂ ಇದೇ, ಮುಟ್ಟಾಟ ಆಡಿದ್ದೂ ಇದರೊಳಗೇ. ಮೇಷ್ಟ್ರು ಟೇಪು ಹಿಡಿದು ಅಳತೆಯನ್ನು ತಮಗಷ್ಟೇ ಕೇಳುವಷ್ಟು ಮೆಲ್ಲಗೆ ಹೇಳಿಕೊಂಡರು. ವಾಚ್ ರಿಪೇರಿಯವನು ಒಂದು ಹಾಸ್ಯದ ಮಾತನ್ನೂ ಆಡಲಿಲ್ಲ. ಅವನು ಸುಮ್ಮನಿದ್ದದ್ದೇ ಅವಳಿಗೆ ಹೆಚ್ಚು ಚುಚ್ಚಿತು.

ಆಮೇಲೆ ಕೆಲವು ಭಾನುವಾರ ಅವಳು ಕ್ಲಬ್ಬಿನ ಕಡೆ ತಲೆ ಹಾಕಲಿಲ್ಲ. ಬೇರೆ ಊರಿನಲ್ಲಿದ್ದ ತಮ್ಮನಿಗೆ ಫೋನು ಮಾಡಿ, ನಮ್ಮ ಮನೆ ಅಷ್ಟು ಚಿಕ್ಕದಿತ್ತೇನೋ ಎಂದು ಕೇಳಿದಳು. ಚಿಕ್ಕದೆಲ್ಲಿ ಬಂತು, ಎರಡೆರಡು ರೂಮಿತ್ತಲ್ಲ, ಮೇಲೊಂದು ಅಟ್ಟ ಬೇರೆ ಎಂದ ತಮ್ಮ. ಅಟ್ಟ ಎಂಬುದು ಆ ಮನೆಗೆ ಕನಸಿನಲ್ಲೂ ಇರಲಿಲ್ಲ. ಇವನಿಗಿಂತ ನಾನೇ ವಾಸಿ ಎಂದುಕೊಂಡು ಫೋನಿಟ್ಟಳು, ಆದರೆ ಮನಸ್ಸು ತಿಳಿಯಾಗಲಿಲ್ಲ. ಮನೆ ಚಿಕ್ಕದಾಯಿತೆಂಬ ದುಃಖ ಅಷ್ಟಿರಲಿಲ್ಲ. ಜೀವಮಾನವಿಡೀ ಸುಳ್ಳು ಹೇಳಿಕೊಂಡು ತಲೆಯೆತ್ತಿ ತಿರುಗಿದೆನೇ ಎಂಬ ನಾಚಿಕೆ ಅವಳನ್ನು ತಿನ್ನುತ್ತಿತ್ತು. ದಾರಿಯಲ್ಲಿ ನಾದಿನಿ ಸಿಕ್ಕರೆ ಮುಖ ತಪ್ಪಿಸಿಕೊಂಡು ಹೋಗುತ್ತಿದ್ದಳು.

ಒಂದು ಮಧ್ಯಾಹ್ನ ಡ್ರಾಯಿಂಗ್ ಮೇಷ್ಟ್ರು ಅವಳ ಹೊಲಿಗೆ ಅಂಗಡಿಗೆ ಬಂದರು. ಕೈಯಲ್ಲಿ ಹೊಸದಾಗಿ ಕಟ್ಟಿದ ಮನೆ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು ಅಷ್ಟೇ. ಮುಂದೆ ಹಜಾರ, ಹಿಂದೆ ಅಡುಗೆಮನೆ, ಮಾಡು ಎತ್ತಿದರೆ ಮುಚ್ಚಳದ ಹಾಗೆ ಬಿಚ್ಚಿಕೊಳ್ಳುತ್ತದೆ. ಕ್ಲಬ್ಬಿನವರಿಗೆ ಇನ್ನೊಂದು ಹುಚ್ಚಿತ್ತು. ಯಾರೂ ನೋಡದಿದ್ದರೂ ಪ್ರತಿ ಕಟ್ಟಡದ ಒಳಗೂ ಇರಬೇಕಾದ್ದೆಲ್ಲ ಇರಬೇಕು. ಸ್ಟೇಷನ್ನಿನ ಒಳಗೆ ಟಿಕೆಟ್ ಕಿಟಕಿ, ಗಡಿಯಾರ, ಬೆಂಚು ಎಲ್ಲ ಇಟ್ಟು ಮಾಡು ಮುಚ್ಚಿದ್ದರು.

"ಗೋಡೆ ನಾನು ಕಟ್ಟಿದ್ದೀನಿ. ಒಳಗೆ ಯಾರು ಎಲ್ಲಿದ್ರು ಅಂತ ನನಗೇನು ಗೊತ್ತು? ಅದು ನಿಮ್ಮ ಕೆಲಸ," ಎಂದು ಹೇಳಿ, ಡಾಕ್ಟರ ಹತ್ತಿರ ಎರವಲು ತಂದ ಒಂದು ಚಿಮಟವನ್ನೂ ಮೇಜಿನ ಮೇಲಿಟ್ಟು ಹೋದರು.

ಎರಡು ದಿನ ಅವಳು ಆ ಮನೆಯನ್ನು ಬಟ್ಟೆಯ ರಾಶಿಯ ಹಿಂದೆ ಇಟ್ಟಿದ್ದಳು. ಮೂರನೆಯ ದಿನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಮಾಡು ಎತ್ತಿದಳು. ಅಡುಗೆಮನೆಯಲ್ಲಿ ಒಲೆ, ಕೊಡಗಳು, ಸೌದೆ ಒಟ್ಟಿದ ಮೂಲೆ ಮಾಡಿದಳು. ಅಷ್ಟಕ್ಕೇ ಅಡುಗೆಮನೆ ತುಂಬಿಹೋಯಿತು. ಹಜಾರಕ್ಕೆ ರಾತ್ರಿ ಹಾಸುತ್ತಿದ್ದ ಚಾಪೆ ಮಾಡೋಣವೆಂದು ಚೂರುಬಟ್ಟೆ ಹುಡುಕಿದಳು. ಕತ್ತರಿಸುವುದರಲ್ಲಿ ಅವಳದು ಎತ್ತಿದ ಕೈ. ಉಗುರಿನಷ್ಟಗಲದ ಚಾಪೆಗಳನ್ನು ಕತ್ತರಿಸಿ ಚಿಮಟದಲ್ಲಿ ಹಿಡಿದು ಒಂದೊಂದಾಗಿ ಹಾಸಿದಳು. ಗಾಳಿ ತಾಗಬಾರದೆಂದು ಒಳಗೋಡೆಯ ಪಕ್ಕ ಅಜ್ಜಿ. ಅಜ್ಜಿಯ ಪಕ್ಕ ಅಕ್ಕ, ಆಮೇಲೆ ತಾನು, ಆಮೇಲೆ ತಂಗಿ, ಬಾಗಿಲ ಹತ್ತಿರ ತಮ್ಮ. ಅಪ್ಪ ರಾತ್ರಿ ಗೇಟಿನ ಗೂಡಂಗಡಿಯಂಥ ಕೋಣೆಯಲ್ಲೇ ಇರುತ್ತಿದ್ದ, ಅವನಿಗೆ ಚಾಪೆ ಬೇಕಿಲ್ಲ. ಹಾಸುತ್ತ ಹಾಸುತ್ತ ಅವಳ ಮುಖದಲ್ಲಿ ನಗು ಬಂತು. ತಂಗಿ ನಿದ್ದೆಯಲ್ಲಿ ಒದೆಯುತ್ತಿದ್ದದ್ದು, ಅಜ್ಜಿ ಗೊರಕೆ ಹೊಡೆದರೆ ಅಕ್ಕ ಮೂಗು ಹಿಡಿಯುತ್ತಿದ್ದದ್ದು ಎಲ್ಲ ನೆನಪಾಯಿತು.

ಕೊನೆಗೆ ಕೈಯಲ್ಲಿ ಒಂದು ಚಾಪೆ ಉಳಿಯಿತು, ಅಮ್ಮನದು. ಅದನ್ನು ಎಲ್ಲಿ ಹಾಸುವುದು? ತಮ್ಮನ ಆಚೆ ಹಾಸಿದರೆ ಬಾಗಿಲು ತೆರೆಯುವುದಿಲ್ಲ. ಅಪ್ಪ ಒಂದು ರೈಲು ಹೋಗಿ ಇನ್ನೊಂದು ಬರುವಷ್ಟರಲ್ಲಿ ನೀರು ಕುಡಿಯಲು ಒಳಗೆ ಬರಬೇಕಲ್ಲ. ಕಾಲದೆಸೆಯಲ್ಲಿ ಅಡ್ಡ ಹಾಸಿದರೆ ಅಲ್ಲಿಡುತ್ತಿದ್ದ ಬಟ್ಟೆಬರೆಯ ಪೆಟ್ಟಿಗೆಗಳಿಗೆ ಜಾಗವಿಲ್ಲ. ಅಡುಗೆಮನೆಯಲ್ಲಿ ಸೌದೆ. ಎಲ್ಲವನ್ನೂ ತೆಗೆದು ಮತ್ತೆ ಮೊದಲಿಂದ ಹಾಸಿದಳು. ಒತ್ತಿ ಒತ್ತಿ ಹಾಸಿದಳು. ಆದರೂ ಕೈಯಲ್ಲಿ ಆ ಒಂದು ಚಾಪೆ ಉಳಿಯಿತು. ಕೆಲಸ ಬಿಟ್ಟು ಕಣ್ಣುಮುಚ್ಚಿ ಅಮ್ಮ ಮಲಗಿದ್ದನ್ನು ನೆನಪು ಮಾಡಿಕೊಳ್ಳಲು ನೋಡಿದಳು. ನೆನಪಾಗಲಿಲ್ಲ. ಅಮ್ಮಾ ಬಾ ಎಂದು ಕರೆದರೆ, ನೀವು ಮಲಗಿ, ಈಗ ಬಂದೆ ಎನ್ನುತ್ತಿದ್ದಳು. ಬೆಳಿಗ್ಗೆ ಕಣ್ಣುಬಿಟ್ಟರೆ ಒಲೆ ಉರಿಯುತ್ತಿರುತ್ತಿತ್ತು. ಈ ನಡುವೆ ಅಮ್ಮ ಎಲ್ಲಿದ್ದಳು, ಹೊಸ್ತಿಲ ಮೇಲೆ ಒರಗಿಕೊಂಡಿದ್ದಳೋ, ಒಲೆಯ ಮುಂದೆ ಮಂಡಿಗೆ ತಲೆಯಿಟ್ಟು ಕೂತಿದ್ದಳೋ, ಮಕ್ಕಳಲ್ಲಿ ಒಬ್ಬರೂ ಕೇಳಿರಲಿಲ್ಲ. ಮನೆ ದೊಡ್ಡದಿತ್ತು ಎಂದದ್ದು ಸುಳ್ಳಲ್ಲ ಎಂದು ಗೇಟಕ್ಕನಿಗೆ ಆಗ ಹೊಳೆಯಿತು. ಅಮ್ಮ ತನ್ನ ಪಾಲಿನ ಜಾಗವನ್ನೂ ತಮಗೇ ಬಿಟ್ಟುಕೊಟ್ಟಿದ್ದರಿಂದ ಅದು ಅಷ್ಟು ದೊಡ್ಡದಾಗಿ ಕಂಡಿತ್ತು. ಮೆಷಿನ್ನಿನ ಮೇಲೆ ತಲೆಯಿಟ್ಟು ಅವಳು ಮನಸಾರೆ ಅತ್ತಳು.

ಭಾನುವಾರ ಮನೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕ್ಲಬ್ಬಿಗೆ ಹೋದಳು. ಮೇಷ್ಟ್ರು ಮಾಡು ಎತ್ತಿ ನೋಡಿ ತಲೆದೂಗಿದರು. ಚಾಪೆಗಳ ಅಂಚಿಗೆ ಅವಳು ಬಣ್ಣದ ದಾರ ಕೂಡ ಹಾಕಿದ್ದಳು.

"ಮೇಷ್ಟ್ರೇ, ಈ ಮನೆ ಸ್ವಲ್ಪ ದೊಡ್ಡದು ಮಾಡಬೇಕು," ಎಂದಳು.

ಮತ್ತೆ ಶುರುವಾಯಿತಲ್ಲ ಎಂದು ಡಾಕ್ಟರು ಉಸಿರು ಬಿಟ್ಟರು. ಅಳತೆಯಲ್ಲಿ ಕೂದಲೆಳೆಯಷ್ಟೂ ತಪ್ಪಿಲ್ಲ, ನೀವೇ ಕಣ್ಣಾರೆ ನೋಡಿದ್ದೀರಲ್ಲ ಎಂದರು ಮೇಷ್ಟ್ರು.

"ತಪ್ಪಿಲ್ಲ, ನಾನು ಒಪ್ತೀನಿ. ಆದರೆ ಇದರಲ್ಲಿ ನಮ್ಮಮ್ಮನಿಗೆ ಮಲಗೋಕೆ ಜಾಗ ಇಲ್ಲ."

ವಾಚ್ ರಿಪೇರಿಯವನು ಓಡುತ್ತಿದ್ದ ರೈಲನ್ನು ನಿಲ್ಲಿಸಿದ. ಎಷ್ಟು ಬೇಕು ಎಂದು ಮೇಷ್ಟ್ರು ಕೇಳಿದಾಗ ಗೇಟಕ್ಕ ಮುಷ್ಟಿ ಬಿಚ್ಚಿ ತೋರಿಸಿದಳು. ಅಂಗೈಯಲ್ಲಿ ಉಳಿದ ಆ ಒಂದು ಚಾಪೆ. ಮೇಷ್ಟ್ರು ಸ್ಕೇಲನ್ನು ಕೈಗೆತ್ತಿಕೊಂಡು, ಏನನಿಸಿತೋ, ಮತ್ತೆ ಕೆಳಗಿಟ್ಟರು. ಚಾಪೆಯನ್ನೇ ಹಿಂಗೋಡೆಗೆ ಹಿಡಿದು ಪೆನ್ಸಿಲಿನಲ್ಲಿ ಗೀಟೆಳೆದು ಬ್ಲೇಡು ತೆಗೆದರು. ಅವರು ಗೋಡೆ ಬಿಡಿಸಿ ಹಿಂದಕ್ಕೆ ಸರಿಸಿ ಅಂಟಿಸುವಷ್ಟರಲ್ಲಿ ಡಾಕ್ಟರು, ಯಾರೂ ಹೇಳದಿದ್ದರೂ, ಹಲ್ಲು ಕೆರೆಯುವ ಕಡ್ಡಿ ಹಿಡಿದು ತಮ್ಮ ಗುಡ್ಡದ ಬುಡವನ್ನು ಕೆರೆಯತೊಡಗಿದರು. ಬಿಳಿ ಪುಡಿ ಅವರ ಅಂಗಿಯ ಮೇಲೆಲ್ಲ ಬಿತ್ತು.

ಅಂಟು ಒಣಗಿದ ಮೇಲೆ ಗೇಟಕ್ಕ ಚಿಮಟದಲ್ಲಿ ಹಿಡಿದು ಚಾಪೆಯನ್ನು ಒಳಗೆ ಇಳಿಸಿ, ಬೆರಳ ತುದಿಯಿಂದ ಅದರ ಮಡಿಕೆ ಸವರಿದಳು. ಚಾಪೆ ಚೆನ್ನಾಗಿ ಕಾಲು ಚಾಚುವಷ್ಟು ಸಲೀಸಾಗಿ ಕೂತಿತು. ಮೇಷ್ಟ್ರು ಮಾಡನ್ನು ಕೈಯಲ್ಲಿ ಹಿಡಿದು, ಮುಚ್ಚಲೇ ಎಂದು ಕೇಳಿದರು.

"ಸ್ವಲ್ಪ ಹೊತ್ತು ಬಿಡಿ ಮೇಷ್ಟ್ರೇ," ಎಂದಳು ಗೇಟಕ್ಕ. "ಈಗಷ್ಟೇ ಮಲಗಿದ್ದಾಳೆ."