ಗಂಜಿ ಹಾಕಿದ ಪಟ್ಟಿ

ಬನಹಟ್ಟಿಯ ಸಿದ್ದಕ್ಕ ಕಾಲಿಗೆ ಪಟ್ಟಿ ಸುತ್ತಿಕೊಳ್ಳದೆ ಹಾಸಿಗೆಯಿಂದ ಇಳಿಯುವುದಿಲ್ಲ. ಸ್ನಾನ ಮಾಡಿ ವಿಭೂತಿ ಹಚ್ಚಿಕೊಳ್ಳುವ ತನಕ ಏನನ್ನೂ ಮುಟ್ಟದ ಹೆಂಗಸು ಇದೊಂದನ್ನು ಮಾತ್ರ ಮೊದಲು ಮಾಡುತ್ತಾಳೆ. ದಿಂಬಿನ ಮೇಲೆ ಎಡಗಾಲಿಟ್ಟು, ಶಿವ ಶಿವ ಎನ್ನುತ್ತ, ಬೆರಳುಗಳ ಬುಡದಿಂದ ಮೊಣಕಾಲಿನ ಕೆಳಗಿನವರೆಗೆ ಆ ಹಿಗ್ಗುವ ಪಟ್ಟಿಯನ್ನು ಸುತ್ತುತ್ತಾಳೆ. ಕಾಲಗಂಟಿನ ಹತ್ತಿರ ಬಿಗಿ, ಮೇಲೆ ಹೋದಂತೆ ಸಡಿಲ.

ಪವರ್‌ಲೂಮಿನ ಮುಂದೆ ನಿಂತೇ ಅವಳ ಹರೆಯ ಕಳೆಯಿತು. ಮೀನಖಂಡದ ನರಗಳು ಗಂಟುಗಟ್ಟಿ ಉಬ್ಬಿದವು. ಕಾಲಗಂಟಿನ ಮೇಲೆ ಚರ್ಮ ಕಪ್ಪಾಗಿ, ಕೆರೆದಲ್ಲಿ ಹುಣ್ಣಾಯಿತು. ಜಮಖಂಡಿಯ ಡಾಕ್ಟರು, ರಕ್ತ ಮೇಲೇರದೆ ಕಾಲಲ್ಲೇ ನಿಲ್ಲುತ್ತಿದೆ, ಮುಲಾಮಿಗಿಂತ ಪಟ್ಟಿಯೇ ಔಷಧ ಎಂದು ಹೇಳಿ, ಸುತ್ತುವುದನ್ನು ತೋರಿಸಿಕೊಟ್ಟರು. ಕಲಿತದ್ದು ಗಂಡ ಗುರಪ್ಪ. ಕೈಮಗ್ಗದಲ್ಲಿ ಸೀರೆ ನೇಯ್ದವನು. ದಿನಾ ಬೆಳಿಗ್ಗೆ ಅವಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಕಟ್ಟುತ್ತಿದ್ದ. ಗಂಡ ಕಾಲು ಮುಟ್ಟಿದರೆ ಪಾಪವೆಂದು ಅವಳು ಎಳೆದುಕೊಂಡರೆ, "ನಾ ಮಗ್ಗಕ್ಕ ಹಾಸಿನ ನೂಲು ಹೂಡಾಕತ್ತೇನಿ, ನೀ ಸುಮ್ನ ಮಲಗು" ಎನ್ನುತ್ತಿದ್ದನಂತೆ.

ಹುಣ್ಣು ಅಂಚಿನಿಂದ ಮಾಯುತ್ತ ಬಂತು. ಆಗಲೇ ಒಂದು ತಪ್ಪಾಯಿತು. ಒಗೆದ ಪಟ್ಟಿ ಮೆತ್ತಗಾಗಿದೆ ಎಂದು ಗುರಪ್ಪ ಅದಕ್ಕೆ ಗಂಜಿ ಹಾಕಿ ಒಣಗಿಸಿದ. ಗಂಜಿ ಕುಡಿಯದ ನೂಲಿಗೆ ಕಸುವಿಲ್ಲ ಎಂದು ನಂಬಿದ ಮನೆತನ. ಹಿಗ್ಗಬೇಕಾದ ಪಟ್ಟಿ ಹಲಗೆಯಂತಾಯಿತು. ಸಿದ್ದಕ್ಕನಿಗೆ ಒತ್ತಿ ಉರಿಯುತ್ತಿತ್ತು. ಅವನು ಕಾಳಜಿಯಿಂದ ಮಾಡಿದ್ದೆಂದು ಅವಳು ಬಾಯಿಬಿಡಲಿಲ್ಲ. ಕೆಲವು ದಿನಗಳಲ್ಲಿ, ಬಿಚ್ಚುವಾಗ ಹೊಸ ಚರ್ಮ ಪಟ್ಟಿಯ ಜೊತೆಗೇ ಕಿತ್ತು ಬಂತು. ಡಾಕ್ಟರು ಏನಾದರೂ ಕೇಳುವ ಮೊದಲೇ ಗುರಪ್ಪ, "ತಪ್ಪು ನಂದ್ರಿ, ಆಕೀದಲ್ಲ" ಎಂದ.

ಹೊಸ ಪಟ್ಟಿ ತಂದು ಮೊದಲಿನಿಂದ ಶುರುಮಾಡಿದ. ಆಮೇಲೆ ಮಗ್ಗದ, ಹಾಸಿನ ಮಾತು ಆಡಲಿಲ್ಲ. ಪ್ರತಿ ಸುತ್ತಿಗೂ ನೋಯುತ್ತದೆಯೇ ಎಂದು ಕೇಳುತ್ತಿದ್ದ. ಹುಣ್ಣು ಮುಚ್ಚುವ ಮುನ್ನ, ಶ್ರಾವಣದ ಒಂದು ಸೋಮವಾರ, ಎದೆ ಹಿಡಿದುಕೊಂಡು ಕುಳಿತವನು ಮತ್ತೆ ಏಳಲಿಲ್ಲ.

ಈಗ ಸಿದ್ದಕ್ಕ ತಾನೇ ಕಟ್ಟಿಕೊಳ್ಳುತ್ತಾಳೆ. ಬಗ್ಗಿದರೆ ಉಸಿರು ಹಿಡಿಯುತ್ತದೆ. ಬಿಚ್ಚಿ ಮತ್ತೆ ಸುತ್ತುತ್ತಾಳೆ. ಅವನು ಕಟ್ಟುತ್ತಿದ್ದ ಬಿಗಿ ಕಾಲಿಗೆ ಸಿಕ್ಕಿದ ದಿನ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೂರುತ್ತಾಳೆ. ಕಟ್ಟು ಸರಿಯಾಗಿದೆ, ಹುಣ್ಣು ಕಿರಿದಾಗಿದೆ, ಆದರೆ ಮಾಯ್ದ ಮೇಲೂ ಪಟ್ಟಿ ಬಿಡುವಂತಿಲ್ಲ ಎಂದು ಡಾಕ್ಟರು ಹೇಳಿದಾಗ, ಅವಳ ಮುಖದಲ್ಲಿ ಬೇಸರ ಕಾಣಲಿಲ್ಲ. "ಆತ್ರಿ" ಎಂದಳು, ಅಷ್ಟೇ.

ಮೊನ್ನೆ ಬೆಳಿಗ್ಗೆ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದ ಪಕ್ಕದ ಮನೆಯ ಕೆಂಪವ್ವ ಅವಳ ಏದುಸಿರು ನೋಡಿ ಮಂಚದ ಹತ್ತಿರ ಕೂತಳು.

"ಇಲ್ಲಿ ಕೊಡಬೇ ಸಿದ್ದಕ್ಕಾ. ದಿನಾ ನಾನ ಬಂದು ಕಟ್ಟಿ ಹೋಗ್ತೇನಿ."

ಸಿದ್ದಕ್ಕ ಪಟ್ಟಿಯ ಸುರುಳಿಯನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡಳು.

"ಬ್ಯಾಡ ಕೆಂಪವ್ವಾ. ಅವರ ಕೈ ಇನ್ನಾ ಈ ಕಾಲಿಗೆ ನೆನಪೈತಿ. ಮತ್ತೊಬ್ಬರ ಕೈ ಹತ್ತಿದರ ಮರತೀತು."