ಕಪ್ಪು ತುಂಬಿದ ವೃತ್ತ

ನಮ್ಮ ಮುಳಬಾಗಿಲಿನ ಮನೆಯಲ್ಲಿ ಹೆಣ್ಣು ಹುಟ್ಟಿದರೆ ಗಂಡು ಹುಡುಕುವ ತಾಪತ್ರಯವೇ ಇರಲಿಲ್ಲ. ಸೋದರಮಾವ ಇದ್ದೇ ಇರುತ್ತಿದ್ದ. ತೊಂಬತ್ತರ ದಶಕದ ಶುರುವಿನಲ್ಲಿ ನಮ್ಮಕ್ಕನನ್ನೂ ಹಾಗೆಯೇ ಅಮ್ಮನ ಕಿರಿಯ ತಮ್ಮನಿಗೆ ಕೊಟ್ಟರು. "ನಮ್ಮ ರಕ್ತ ನಮ್ಮಲ್ಲೇ ಇರ್ಲಿ ಕಣೋ. ಹೊರಗಿನೋರು ಎಂಥೋರೋ ಏನೋ," ಎಂದು ಅಪ್ಪ ನನಗೆ ಸಮಜಾಯಿಷಿ ಕೊಟ್ಟಿದ್ದರು. ಮೂಗು, ಹಣೆ, ಮೈಬಣ್ಣ ನೋಡಿಯೇ ಇವರು ನಮ್ಮವರು, ಇವರಲ್ಲ ಎಂದು ತೀರ್ಮಾನಿಸಿಬಿಡುವ ಜನ ನಾವು. ಕಾಲೇಜಿನಲ್ಲಿದ್ದ ನಾನು ಹಲ್ಲು ಕಚ್ಚಿಕೊಂಡು ಮದುವೆಯಲ್ಲಿ ಅನ್ನ ಬಡಿಸಿದೆ.

ಅಕ್ಕನ ಮಗಳು ಎರಡು ವರ್ಷವಾದರೂ ಕೂಗಿದರೆ ತಿರುಗುತ್ತಿರಲಿಲ್ಲ. ತಟ್ಟೆ ಬಡಿದೆವು, ದೇವರ ಮನೆಯ ಗಂಟೆಯನ್ನು ಕಿವಿಯ ಹತ್ತಿರವೇ ಆಡಿಸಿದೆವು. ಕಡೆಗೆ ಅಕ್ಕನ ಜೊತೆ ಕೋಲಾರದ ವೈದ್ಯರ ಬಳಿಗೆ ನಾನೇ ಹೋದೆ. ಅವರು ಮನೆಯವರ ಬಗ್ಗೆಯೆಲ್ಲ ವಿಚಾರಿಸುತ್ತ ಒಂದು ಹಾಳೆಯ ಮೇಲೆ ನಮ್ಮ ವಂಶವನ್ನೇ ಬರೆದರು. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ, ಸಂಬಂಧದೊಳಗಿನ ಮದುವೆಗೆ ಜೋಡಿ ಗೆರೆ. ಅಕ್ಕನ ವೃತ್ತದ ಪಕ್ಕದ ಖಾಲಿ ಚೌಕ ನಾನು. ಎಲ್ಲರ ಕೆಳಗಿದ್ದ ಪುಟ್ಟ ವೃತ್ತದೊಳಗೆ ಮಾತ್ರ, ತೊಂದರೆ ಇರುವವರ ಗುರುತೆಂದು, ಶಾಯಿ ತುಂಬಿ ಕಪ್ಪು ಮಾಡಿದರು.

"ಸಂಬಂಧದಲ್ಲೇ ಮದುವೆ ಆಗಿರೋದ್ರಿಂದ ಇರಬಹುದು. ಬೇರೆ ಕಾರಣಾನೂ ಇರಬಹುದು. ಖಚಿತವಾಗಿ ಹೇಳೋಕಾಗಲ್ಲಮ್ಮ," ಎಂದರು.

ಅಕ್ಕ ಆ ಕಪ್ಪನ್ನೇ ನೋಡುತ್ತ ಕುಳಿತಿದ್ದಳು. ನಾನು ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡೆ.

ಕೆಲವು ವರ್ಷ ಕಳೆದ ಮೇಲೆ, ಮನುಷ್ಯರ ಜೀನುಗಳನ್ನೆಲ್ಲ ವಿಜ್ಞಾನಿಗಳು ಓದಿದ್ದಾರೆ, ಜನಾಂಗ ಜನಾಂಗಗಳ ನಡುವಿನ ಅಂತರ ತೀರಾ ಅಲ್ಪ ಎಂದು ಪತ್ರಿಕೆಗಳಲ್ಲಿ ಬರತೊಡಗಿತು. ಶ್ರೀನಿವಾಸಪುರದಲ್ಲಿ ಮೇಷ್ಟ್ರಾಗಿ, ಬಿಡುವಿನಲ್ಲಿ ಕಥೆ ಬರೆಯುತ್ತಿದ್ದ ನನಗೆ ಹಬ್ಬವೇ ಹಬ್ಬ. ಡಿಎನ್‌ಎ ಎಂಬ ಪದವಿಲ್ಲದ ಕಥೆ ನಮಗೆಲ್ಲ ಆಗ ಹಳತಾಗಿ ಕಾಣುತ್ತಿತ್ತು. ಕುಲದ ಜಂಬ ಕೊಚ್ಚುವವರ ಬಾಯಿ ಮುಚ್ಚಿಸುತ್ತೇನೆಂದು ಆ ಹಾಳೆಯನ್ನು ಮುಂದಿಟ್ಟುಕೊಂಡು ಕಥೆ ಬರೆದೆ. ಶುದ್ಧ ರಕ್ತದ ಹುಚ್ಚಿನ ಮನೆ, ಅದಕ್ಕೆ ಶಿಕ್ಷೆಯಾಗಿ ಹುಟ್ಟಿದ ಕಿವುಡ ಹುಡುಗಿ, ಕೊನೆಯಲ್ಲಿ ಹಾರ್ನ್ ಕೇಳಿಸದೆ ಹೈವೇಯಲ್ಲಿ ಲಾರಿಗೆ ಸಿಕ್ಕು ಸಾವು. ವೈದ್ಯರ 'ಇರಬಹುದು'ಗಳೆರಡನ್ನೂ ಕೈಬಿಟ್ಟೆ. ಅವಿದ್ದರೆ ಕಥೆಗೆ ಖಾರ ಬರುವುದಿಲ್ಲವಲ್ಲ! ದೀಪಾವಳಿ ಸಂಚಿಕೆಯಲ್ಲಿ ಅಚ್ಚಾಯಿತು. ಕೋಲಾರದ ಒಂದು ಗೋಷ್ಠಿಯಲ್ಲಿ ಹೊಗಳಿದರು, ನಾನು ಉಬ್ಬಿಹೋದೆ.

ಅಕ್ಕ ಎರಡು ತಿಂಗಳು ಮಾತು ಬಿಟ್ಟಳು. ನಾನಾಗಿ ಅವಳ ಮನೆಗೆ ಹೋದಾಗ ಬಾಗಿಲಲ್ಲೇ ನಿಲ್ಲಿಸಿ ಕೇಳಿದಳು.

"ಅಪ್ಪಂಗೆ ಬುದ್ಧಿ ಹೇಳ್ಬೇಕಿದ್ರೆ ಅಪ್ಪಂಗೇ ಹೇಳ್ಬೇಕಿತ್ತು ಕಣೋ. ನನ್ನ ಮದುವೆ ದಿನ ಒಂದು ಮಾತಾಡ್ಲಿಲ್ಲ ನೀನು. ಈಗ ನನ್ನ ಮಗಳನ್ನ ಲಾರಿ ಕೆಳಗೆ ಹಾಕಿದ್ಯಾ?"

"ಅದು ಕಥೆ, ಅಕ್ಕ."

"ಅದು ಯಾರು ಅಂತ ಊರಿಗೆಲ್ಲ ಗೊತ್ತು," ಎಂದು ಒಳಗೆ ಹೋದಳು.

ಹುಡುಗಿ ಕಿವುಡ ಮಕ್ಕಳ ಶಾಲೆ ಸೇರಿ ಚೆನ್ನಾಗಿ ಓದಿದಳು. ನನ್ನ ಜೊತೆ ಅವಳ ಮಾತೆಲ್ಲ ನೋಟ್‌ಪುಸ್ತಕದಲ್ಲಿ. ಹನ್ನೊಂದು ವರ್ಷದವಳಿದ್ದಾಗ, ಬೇಸಿಗೆ ರಜೆಗೆ ನನ್ನ ಮನೆಗೆ ಬಂದವಳಿಗೆ ಆ ಹಳೆಯ ಸಂಚಿಕೆ ಸಿಕ್ಕಿತು. ಅದರೊಳಗೆ ವೈದ್ಯರು ಬರೆದ ಹಾಳೆಯೂ ಇತ್ತು. ಸಂಚಿಕೆ ಕಿತ್ತುಕೊಳ್ಳಲು ನನಗೆ ಧೈರ್ಯ ಬರಲಿಲ್ಲ. ಪೂರ್ತಿ ಓದಿ ಮುಗಿಸಿ ಹಾಳೆ ಬಿಡಿಸಿದಳು. ಕಪ್ಪು ವೃತ್ತದ ಮೇಲೆ ಬೆರಳಿಟ್ಟು, ಆಮೇಲೆ ತನ್ನ ಎದೆ ತೋರಿಸಿದಳು. ಹೌದೆಂದು ತಲೆಯಾಡಿಸಿದೆ.

ಅವಳು ಬರೆದಳು: "ಮಾವ, ನಾನು ದಿನಾ ರಸ್ತೆ ದಾಟಿ ಹಾಲು ತರುತ್ತೇನೆ. ಎರಡೂ ಕಡೆ ನೋಡುತ್ತೇನೆ. ಕಥೆಯಲ್ಲಿ ಯಾಕೆ ನೋಡಲಿಲ್ಲ?"

ಪೆನ್ನನ್ನು ನನ್ನ ಕೈಗಿಟ್ಟು ಕಾದಳು. ನಾಚಿಕೆಯಿಂದ ಕುಗ್ಗಿಹೋದೆ. ಪೆನ್ನಿಗೆ ಮುಚ್ಚಳ ಹಾಕಿದೆ. ಅವಳೇ ಪೆನ್ನು ವಾಪಸ್ಸು ತೆಗೆದುಕೊಂಡು, "ಇದರಲ್ಲಿ ನೀನು ಎಲ್ಲಿ?" ಎಂದು ಬರೆದಳು. ಅವಳ ಅಮ್ಮನ ಪಕ್ಕದ ಖಾಲಿ ಚೌಕ ತೋರಿಸಿದೆ.

ಅವಳು ಹಾಳೆಯನ್ನು ನೆಲದ ಮೇಲೆ ಹರಡಿಕೊಂಡು, ಗೆರೆ ಆಚೆ ಹೋಗದ ಹಾಗೆ, ನನ್ನ ಚೌಕವನ್ನು ನಿಧಾನವಾಗಿ ಕಪ್ಪು ಮಾಡತೊಡಗಿದಳು. ಅವಳು ಮುಗಿಸುವವರೆಗೂ ನಾನು ಹಾಳೆಯ ಮೂಲೆ ಹಿಡಿದುಕೊಂಡು ಕುಳಿತಿದ್ದೆ.